ಈರಣ್ಣ ಕಾಕಾ ಮತ್ತು ಮೂರೂರಿನ ಬೇಕರಿಗಳು

ಮೊನ್ನೆ ತುಮಕೂರಿನ ಮನೆಯಲ್ಲಿ ಒಲೆಯ ಮೇಲೆ ಸಕ್ಕರೆ ಪಾಕ ಇಟ್ಟು, ಯಾರದೋ ಫೋನು ಬಂತೆಂದು ಮಾತಾಡುತ್ತ ನಿಂತುಬಿಟ್ಟೆ. ಪಾಕ ತಳ ಹಿಡಿದು ಸೀದ ವಾಸನೆ ಮನೆಯೆಲ್ಲ ತುಂಬಿತು. ಓಡಿಬಂದು ಒಲೆ ಆರಿಸಿದವಳು ಕಿಟಕಿ ತೆರೆಯಬೇಕಿತ್ತು, ತೆರೆಯಲಿಲ್ಲ. ಇನ್ನೇನು ಕಹಿಯಾಗಬೇಕೆನ್ನುವಷ್ಟರಲ್ಲಿ ನಿಂತುಹೋದ ಆ ಸಿಹಿಯ ವಾಸನೆಯಲ್ಲಿ ನಾನು ಹಾವೇರಿಯ ನಮ್ಮ ಹಿತ್ತಲಿನಲ್ಲಿದ್ದೆ. ಆಗಿನ್ನೂ ಹಾವೇರಿ ಜಿಲ್ಲೆಯಾಗಿರಲಿಲ್ಲ. ನಮ್ಮ ಮನೆ ಹಳೆಯ ಊರಿನ ಒಂದು ಇಕ್ಕಟ್ಟಾದ ಓಣಿಯಲ್ಲಿತ್ತು, ಹಿತ್ತಲ ಗೋಡೆಗೆ ಆತುಕೊಂಡೇ ಆಚೆ ಬದಿಗೆ ಒಂದು ಬೇಕರಿಯ ಕಟ್ಟಿಗೆಯ ಭಟ್ಟಿ ಇತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಭಟ್ಟಿಯ ಬಾಗಿಲು ತೆರೆದರೆ ಹುದುಗಿದ ಹಿಟ್ಟು, ಸುಟ್ಟ ಸಕ್ಕರೆ, ಜಾಲಿ ಕಟ್ಟಿಗೆಯ ಹೊಗೆ ಎಲ್ಲವೂ ಒಟ್ಟಾಗಿ ಗೋಡೆ ಹಾರಿ ಬಂದು, ಒಣಹಾಕಿದ ನಮ್ಮ ಬಟ್ಟೆಗಳಲ್ಲಿ ಸೇರಿಕೊಳ್ಳುತ್ತಿದ್ದವು. ಶಾಲೆಯಲ್ಲಿ ನನ್ನ ಪಕ್ಕ ಕೂಡುತ್ತಿದ್ದ ಹುಡುಗಿ ನನ್ನ ತೋಳು ಮೂಸಿ ನೋಡಿ, "ನೀ ಏನ ತಿಂದು ಬಂದೀಯ?" ಎಂದು ದಿನಾ ಕೇಳುತ್ತಿದ್ದಳು.

ಆ ಗೋಡೆ ನನ್ನ ಅಜ್ಜಿಯ ಆಸ್ತಿ. ಭಟ್ಟಿಯ ಕಾವು ಕಲ್ಲಿನೊಳಗಿಂದ ಇಳಿದು ನಮ್ಮ ಕಡೆಯೂ ಬೆಚ್ಚಗಿರುತ್ತಿತ್ತು. ಚಳಿಗಾಲದಲ್ಲಿ ಅಜ್ಜಿ ಒಂದು ಗೋಣಿ ಹಾಸಿಕೊಂಡು, ನೋಯುವ ಸೊಂಟವನ್ನು ಆ ಗೋಡೆಗೆ ಕೊಟ್ಟು, ಕಣ್ಣು ಅರೆಮುಚ್ಚಿ ಕೂತಳೆಂದರೆ ಅವಳಷ್ಟು ಸುಖಿ ಊರಲ್ಲಿ ಇನ್ನೊಬ್ಬರಿಲ್ಲ. ಆದರೆ ಅದೇ ಬೇಕರಿಯ ಒಂದು ಚೂರು ಬ್ರೆಡ್ಡನ್ನೂ ಅವಳು ಬಾಯಿಗೆ ಹಾಕಿದವಳಲ್ಲ. ಮೊಟ್ಟೆ ಮುಟ್ಟದ ಮನೆ ನಮ್ಮದು. ಬೇಕರಿಯಿಂದ ಬಂದದ್ದರಲ್ಲೆಲ್ಲ ಮೊಟ್ಟೆ ಇದ್ದೇ ಇರುತ್ತದೆ ಎಂಬುದು ಅವಳ ಖಾತರಿ.

"ಯವ್ವಾ, ಕಾಸಿಕೊಳ್ಳಾಕ ಬೇಕರಿ ಬೇಕು, ತಿನ್ನಾಕ ಬ್ಯಾಡೇನ ಬೇ?" ಎಂದು ಈರಣ್ಣ ಕಾಕಾ ಕೆಣಕುತ್ತಿದ್ದ.

"ಕಾವಿನ್ಯಾಗ ತತ್ತಿ ಇರೂದಿಲ್ಲೋ ಮಳ್ಳ," ಎಂದು ಅಜ್ಜಿ ಕಣ್ಣು ತೆರೆಯದೆಯೇ ಹೇಳುತ್ತಿದ್ದಳು.

ಈರಣ್ಣ ಕಾಕಾ ನನ್ನ ಅಪ್ಪನ ತಮ್ಮ. ಹೊಲಿಗೆ ಮಷಿನ್ ರಿಪೇರಿ ಅವನ ಉದ್ಯೋಗ. ಎಣ್ಣೆಯ ಡಬ್ಬಿ, ಸೂಜಿ, ಚರ್ಮದ ಬೆಲ್ಟು ತುಂಬಿದ ಖಾಕಿ ಚೀಲ ಹೆಗಲಿಗೇರಿಸಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಊರಿನ ಓಣಿ ಓಣಿ ತಿರುಗುತ್ತಿದ್ದ. ದರ್ಜಿಗಳು ಅವನಿಗಾಗಿ ಕಾಯುತ್ತಿದ್ದರು. ಅವನು ಮಾತ್ರ ಕಾಯುತ್ತಿದ್ದುದು ಕೆಲಸ ಮುಗಿದ ಮೇಲೆ ಆ ಓಣಿಯ ಬೇಕರಿಗೆ ಹೋಗುವುದನ್ನು. ಎಲ್ಲ ಓಣಿಗೂ ಒಂದು ಒಳ್ಳೆಯ ಬೇಕರಿ ಇದ್ದೇ ಇರುತ್ತದೆ, ಅದು ದೊಡ್ಡ ರಸ್ತೆಗೆ ಮುಖ ಮಾಡಿ ನಿಂತಿರುವುದಿಲ್ಲ, ಹುಡುಕಬೇಕು ಎನ್ನುವುದು ಅವನ ನಂಬಿಕೆ. ಸಂಜೆ ಅವನು ಮನೆಗೆ ಬಂದರೆ ಮೊದಲು ಹೊಲಿಗೆ ಮಷಿನ್ ಎಣ್ಣೆಯ ವಾಸನೆ, ಅದರ ಹಿಂದೆಯೇ ದಾರ ಸುತ್ತಿದ ಕಾಗದದ ಪುಡಿಕೆಯ ವಾಸನೆ. ಒಂದು ದಿನ ಖಾರಾ ಬಿಸ್ಕಿಟ್ಟು, ಒಂದು ದಿನ ಬಾಯಲ್ಲಿಟ್ಟರೆ ಮರಳಿನಂತೆ ಉದುರುವ ನಾನ್‌ಖಟಾಯಿ, ಒಂದು ದಿನ ಒಳಗೆ ಕೊಬ್ಬರಿ, ಕೆಂಪು ಚೆರ್ರಿ ತುಂಬಿದ ದಿಲ್‌ಪಸಂದ್. ತತ್ತಿ ಇಲ್ಲವೆಂಬ ಅವನ ಮಾತು ನಂಬಿ ಅವ್ವ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಪುಡಿಕೆ ಬಿಚ್ಚಿ ಎಲ್ಲರಿಗೂ ಹಂಚುತ್ತಿದ್ದಳು. ಅಜ್ಜಿ ಮಾತ್ರ ಮುಖ ತಿರುಗಿಸಿಕೊಂಡು ಕೂತು, ಉಸಿರನ್ನು ಸ್ವಲ್ಪ ಆಳವಾಗಿಯೇ ಎಳೆದುಕೊಳ್ಳುತ್ತಿದ್ದಳು.

ಶಾಲೆ ಇಲ್ಲದ ದಿನ ಕಾಕಾ ನನ್ನನ್ನು ಬ್ಯಾಡಗಿಗೆ ಕರೆದೊಯ್ಯುತ್ತಿದ್ದ. ಮೆಣಸಿನಕಾಯಿಯ ಸುಗ್ಗಿಯಲ್ಲಿ ಬಸ್ಸು ಊರು ಮುಟ್ಟುವ ಮೊದಲೇ ಒಳಗಿದ್ದವರೆಲ್ಲ ಸೀನತೊಡಗುತ್ತಿದ್ದರು. ಯಾರೂ ಯಾರಿಗೂ ಏನೂ ಅನ್ನುತ್ತಿರಲಿಲ್ಲ, ನಗುತ್ತಿದ್ದರು. ಕಣ್ಣು ಹರಿಯುವಷ್ಟು ದೂರ ಕೆಂಪು ಹಾಸು, ಅದರ ನಡುವೆ ಚಕ್ಕಡಿ ಗಾಡಿಗಳು, ಮೂಗಿಗೆ ಸೆರಗು ಕಟ್ಟಿಕೊಂಡು ತೊಟ್ಟು ಬಿಡಿಸುವ ಹೆಂಗಸರು. ಪೇಟೆಯ ಹಿಂಬದಿಗೆ ಒಂದು ಸಣ್ಣ ಬೇಕರಿ ಇತ್ತು. ಅಲ್ಲಿ ಕಾಕಾ ಕೇಕು ಕೇಳುತ್ತಿರಲಿಲ್ಲ, ಒಂದು ಬನ್ ಕೇಳುತ್ತಿದ್ದ. ಹೆಬ್ಬೆರಳಿನಿಂದ ಅದರ ಬೆನ್ನು ಮೆಲ್ಲಗೆ ಒತ್ತಿ, ತಗ್ಗು ಮತ್ತೆ ಮೇಲೆದ್ದು ಬರುತ್ತದೋ ಇಲ್ಲವೋ ನೋಡಿ, ಆಮೇಲೆ ಹರಿದು ಅರ್ಧ ನನಗೆ ಕೊಡುತ್ತಿದ್ದ.

"ಕೇಕಿನ್ಯಾಗ ಸಕ್ಕರಿ ಎಲ್ಲಾ ತಪ್ಪು ಮುಚ್ಚತೈತಿ ಗಿರಿಜಾ. ಬನ್ನಿಗೆ ಮುಚ್ಚಿಡಾಕ ಬರೂದಿಲ್ಲ."

ಅಲ್ಲಿಯ ಸಿಹಿ ಬಿಸ್ಕಿಟ್ಟು ಕೂಡ ನಾಲಗೆಯ ತುದಿಗೆ ಚುರುಕ್ಕೆನ್ನುತ್ತಿತ್ತು. ಯಾಕೆಂದು ಕೇಳಿದೆ. "ಈ ಊರಾಗ ಗಾಳೀನೂ ಖಾರ ಐತಿ, ಬಿಸ್ಕಿಟ್ ಏನ್ ಮಾಡೀತು ಪಾಪ," ಎಂದ. ಸೀನುತ್ತ, ಮೂಗು ಒರೆಸಿಕೊಳ್ಳುತ್ತ, ಬನ್ ತಿನ್ನುತ್ತ ನಾವಿಬ್ಬರೂ ಬ್ಯಾಡಗಿಯ ಪೇಟೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ಮೂಗು ಹುಳುಹುಳು ಎನ್ನುತ್ತದೆ.

ಇಂಥ ಕಾಕಾನಿಗೆ ಮದುವೆಯೊಂದು ಆಗಿರಲಿಲ್ಲ. ವಯಸ್ಸು ಮೀರುತ್ತಿತ್ತು. ಕನ್ಯೆ ನೋಡಲು ಹೋಗುವಾಗ ಅವನು ನನ್ನನ್ನೂ ಹೊರಡಿಸುತ್ತಿದ್ದ. ಹೋದಲ್ಲೆಲ್ಲ ಶಿರಾ, ಅವಲಕ್ಕಿ, ಉಂಡಿ ತಟ್ಟೆಯಲ್ಲಿ ಬರುತ್ತಿದ್ದವು. ಮರಳಿ ಬಂದ ಮೇಲೆ ಅಜ್ಜಿ ಆತುರದಿಂದ, "ಹೆಂಗದಾಳೋ ಹುಡುಗಿ?" ಎಂದು ಕೇಳಿದರೆ, ಕಾಕಾ ಸ್ವಲ್ಪ ಯೋಚಿಸಿ, "ಶಿರಾಕ್ಕ ರವಾ ಸರಿ ಹುರದಿರಲಿಲ್ಲ ಬೇ," ಎನ್ನುತ್ತಿದ್ದ. ಅಜ್ಜಿ ಹಣೆ ಬಡಿದುಕೊಳ್ಳುತ್ತಿದ್ದಳು. ಅವನು ಹುಡುಗಾಟ ಆಡುತ್ತಿದ್ದಾನೆಂದು ಮನೆಯವರೆಲ್ಲ ಅಂದುಕೊಂಡಿದ್ದರು. ನನಗೆ ಹಾಗನಿಸುತ್ತಿರಲಿಲ್ಲ. ಅಪರಿಚಿತ ಹುಡುಗಿಯೊಬ್ಬಳನ್ನು ತಲೆಯಿಂದ ಕಾಲಿನವರೆಗೆ ನೋಡಿ ಬೆಲೆ ಕಟ್ಟುವುದು ಅವನಿಗೆ ನಾಚಿಕೆಯ ಕೆಲಸವಾಗಿತ್ತು. ಅದಕ್ಕೇ ತಟ್ಟೆ ನೋಡುತ್ತ ಕೂತಿರುತ್ತಿದ್ದ.

ರಾಣೇಬೆನ್ನೂರಿನ ಸರೋಜಾಳನ್ನು ನೋಡಲು ಹೋದದ್ದು ದೀಪಾವಳಿ ಕಳೆದ ಮೇಲೆ. ಅವರು ನಿವೃತ್ತ ಮಾಸ್ತರರ ಮಗಳು, ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದರು. ತಟ್ಟೆಯಲ್ಲಿ ಬೇಸನ್ ಉಂಡಿ, ಪಕ್ಕದಲ್ಲಿ ಅಂಚು ಕೆಂಪಗಾದ ಕೊಬ್ಬರಿ ಬಿಸ್ಕಿಟ್ಟು. "ಎಲ್ಲಾ ನಮ್ಮ ಸರೋಜಾನ ಮಾಡ್ಯಾಳ್ರಿ," ಎಂದರು ಅವರ ತಾಯಿ. ಕಾಕಾ ಬಿಸ್ಕಿಟ್ಟು ಕಚ್ಚಿದ, ಕಣ್ಣು ಅರಳಿದವು. ಆಗ ಬಾಗಿಲ ಹತ್ತಿರ ನಿಂತಿದ್ದ ಸರೋಜಾ ತಲೆ ಎತ್ತಿ ಸಣ್ಣ ದನಿಯಲ್ಲಿ ಹೇಳಿದರು: "ಇಲ್ರಿ. ಉಂಡಿ ನಮ್ಮ ಅವ್ವ ಮಾಡ್ಯಾಳ. ಬಿಸ್ಕಿಟ್ ಬೇಕರೀದು. ನನಗ ಅಡಗಿ ಅಷ್ಟಕ್ಕಷ್ಟರಿ."

ಅವರ ತಾಯಿ ಸೆರಗಿನ ತುದಿ ಹಿಂಡತೊಡಗಿದರು. ಜೊತೆಗೆ ಬಂದಿದ್ದ ನನ್ನ ಅಪ್ಪ ಕೆಮ್ಮಿದರು. ಕಾಕಾ ಮಾತ್ರ ಮೊದಲ ಸಲ ತಟ್ಟೆಯಿಂದ ಕಣ್ಣೆತ್ತಿ ಹುಡುಗಿಯ ಮುಖ ನೋಡಿದ.

"ಹತ್ತಿ ಜಿನ್ನಿಂಗ್ ಮಿಲ್ಲಿನ ಹಿಂದಿನ ಬೇಕರೀದು, ಹೌದಲ್ರಿ?"

"ಅಲ್ರಿ. ಅವರು ಬೆಣ್ಣಿ ಹಾಕೂದು ಬಿಟ್ಟು ಭಾಳ ದಿನಾ ಆತು. ಇದು ನಮ್ಮ ಶಾಲಿ ಓಣೀದು, ಬೇವಿನ ಗಿಡದ ಕೆಳಗ ಐತಲ್ರಿ, ಅದು."

ಆ ಬೇಕರಿ ಕಾಕಾನಿಗೆ ಗೊತ್ತಿರಲಿಲ್ಲ. ಸೋತವನ ಮುಖ ಅಷ್ಟು ಸಂತೋಷದಿಂದ ಬೆಳಗಿದ್ದನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಆ ಸಂಜೆ ಅಜ್ಜಿ ಎಂದಿನಂತೆ ಕೇಳಿದಾಗ, ಅವನು ಬಿಸ್ಕಿಟ್ಟಿನ ಸುದ್ದಿ ಎತ್ತಲೇ ಇಲ್ಲ. "ಹುಡುಗಿ ಚಲೋ ಅದಾಳ ಬೇ," ಎಂದ, ಅಷ್ಟೇ.

ಆದರೆ ನಡೆದದ್ದೆಲ್ಲ ಅಪ್ಪನಿಂದ ತಿಳಿದ ಅಜ್ಜಿ ಒಪ್ಪಲಿಲ್ಲ. ಕನ್ಯೆ ನೋಡುವ ದಿನವೇ ಬೇಕರಿಯದನ್ನು ತಂದಿಟ್ಟವರು ನಾಳೆ ನಮ್ಮ ದೇವರ ಮುಂದೆ ಏನು ತಂದಿಟ್ಟಾರು? ನಿಮ್ಮ ಬಾಯಿ ತಡೆಯಲಂತೂ ಆಗಲಿಲ್ಲ, ಹೊಸದಾಗಿ ಬರುವ ಹುಡುಗಿಯಾದರೂ ತತ್ತಿ ತಿಂದ ಕೈಯಿಂದ ನನ್ನ ಒಲೆ ಮುಟ್ಟಬಾರದು ಎಂದು ಪಟ್ಟು ಹಿಡಿದಳು. ಕಾಕಾ ವಾದ ಮಾಡಲಿಲ್ಲ. ಮರುದಿನದಿಂದ ಬರಿಗೈಯಲ್ಲಿ ಮನೆಗೆ ಬರತೊಡಗಿದ. ಚೀಲ ಮೂಲೆಗಿಟ್ಟು, ಉಂಡು, ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಸಂಜೆಯ ಪುಡಿಕೆ ಇಲ್ಲದ ನಮ್ಮ ಮನೆ ಎಷ್ಟು ದೊಡ್ಡದು, ಎಷ್ಟು ಖಾಲಿ ಎಂದು ಆಗ ಗೊತ್ತಾಯಿತು. ಸಂಕ್ರಾಂತಿ ಸಮೀಪಿಸಿತು. ಒಂದು ಮುಂಜಾನೆ ಅಜ್ಜಿ ಇಳಕಲ್ ಸೀರೆಯುಟ್ಟು ಪಡಸಾಲೆಗೆ ಬಂದು ನಿಂತು, "ಏಳೋ ಈರಣ್ಣಾ. ಆ ಬೇಕರಿ ತೋರಿಸು ನಡಿ. ತತ್ತಿ ಹಾಕ್ತಾರೋ ಇಲ್ಲೋ ನನ್ನ ಕಣ್ಣಲೆ ನೋಡ್ತೇನಿ," ಎಂದಳು.

ಪ್ಯಾಸೆಂಜರ್ ಗಾಡಿಯಲ್ಲಿ ಅಜ್ಜಿ, ಕಾಕಾ, ನಾನು ಹೋದೆವು. ಬೇವಿನ ಗಿಡದ ಕೆಳಗೆ ತಗಡಿನ ಮಾಡು, ಗಾಜಿನ ಬರಣಿಗಳು, ಹಿಂದೆ ಭಟ್ಟಿ. ಬೇಕರಿಯವರು ಹಾಸನದ ಕಡೆಯಿಂದ ಬಂದವರು.

"ಇದಕ್ಕ ತತ್ತಿ ಹಾಕ್ತೀಯೇನಪ?"

ಅವರಿಗೆ ಅರ್ಥವಾಗಲಿಲ್ಲ. "ಮೊಟ್ಟಿ ಕೇಳಾಕತ್ತಾಳ್ರಿ," ಎಂದ ಕಾಕಾ.

"ಅಯ್ಯೋ ಇಲ್ಲಮ್ಮ, ನಾವೇ ತಿನ್ನೋರಲ್ಲ. ಅನುಮಾನ ಇದ್ರೆ ಒಳಗೆ ಬಂದು ನೋಡಿ," ಎಂದು ಅವರು ಮಾತಿಗೆ ಹೇಳಿದರು. ಅಜ್ಜಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಒಳಗೆ ಹೋಗಿಯೇಬಿಟ್ಟಳು. ಹಿಟ್ಟಿನ ಮೂಟೆ, ಬೆಣ್ಣೆಯ ಡಬ್ಬಿ, ತುರಿದ ಕೊಬ್ಬರಿಯ ಗುಡ್ಡೆ ಎಲ್ಲ ನೋಡಿದಳು. ನೆಲದಲ್ಲಿ ಹಾಸಿದ ಗೋಣಿಯನ್ನೂ ಎತ್ತಿ ನೋಡಿದಳು. ಹುದುಗು ಬಂದು ಉಬ್ಬಿದ ಹಿಟ್ಟಿನ ಮುಂದೆ ಮಾತ್ರ ನಿಂತಳು. ಮೆಲ್ಲಗೆ ಒಂದು ಬೆರಳು ಚಾಚಿ ಮುಟ್ಟಿ, "ಕೂಸಿನ ಗಲ್ಲಾ ಇದ್ದಂಗ ಐತಲ್ಲೋ," ಎಂದಳು.

ಹೊರಗೆ ಬಂದಾಗ ಅಂಗಡಿಯ ಮುಂದೆ ಸರೋಜಾ ನಿಂತಿದ್ದರು. ಸಂಜೆ ಬಾಲವಾಡಿ ಬಿಟ್ಟ ಮೇಲೆ ಮರುದಿನ ಮಕ್ಕಳಿಗೆ ಹಂಚಲೆಂದು ಬಿಸ್ಕಿಟ್ಟಿನ ಚೂರು ಕೊಳ್ಳಲು ದಿನಾ ಅಲ್ಲಿಗೆ ಬರುವವರು. ನಮ್ಮನ್ನು ಕಂಡು ಗಾಬರಿಯಾಗಿ, ಗುರುತು ಸಿಕ್ಕೊಡನೆ ಬಾಗಿ ಅಜ್ಜಿಯ ಕಾಲು ಮುಟ್ಟಿದರು. ಇವಳೇ ಆ ಹುಡುಗಿ ಎಂದು ಕಾಕಾನ ಮುಖ ನೋಡಿಯೇ ತಿಳಿದ ಅಜ್ಜಿ ಕೇಳಿದಳು: "ಅವತ್ತ ಸುಮ್ನಿದ್ದಿದ್ರ ಯಾರಿಗೂ ಗೊತ್ತಾಗತಿದ್ದಿಲ್ಲ. ಯಾಕ ಹೇಳಿದಿ?"

"ಒಂದಿನಾ ಸುಮ್ನಿದ್ರ ಮುಂದ ದಿನಾ ಸುಳ್ಳು ಹೇಳಬೇಕಾಗತಿತ್ತಲ್ರಿ ಅಮ್ಮ. ನಿಮ್ಮ ಮನಿಗೆ ಬಂದು ದಿನಾ ಅಂಜಿಕೋತ ಇರೂದು ನನಗ ಆಗತಿದ್ದಿಲ್ಲ."

ಅಜ್ಜಿ ಕಟ್ಟೆಯ ಮೇಲೆ ಕೂತು, ಬರಣಿಯತ್ತ ಕೈ ತೋರಿಸಿ ಒಂದು ಕೊಬ್ಬರಿ ಬಿಸ್ಕಿಟ್ಟು ಕೇಳಿದಳು. ಉಳಿದಿದ್ದ ಹಲ್ಲಿನ ಕಡೆಗೆ ಅದನ್ನು ಹೊರಳಿಸಿಕೊಂಡು, ಕಣ್ಣು ಮುಚ್ಚಿ, ನಿಧಾನವಾಗಿ ತಿಂದಳು. ಕಾಕಾ ಉಸಿರು ಹಿಡಿದು ನಿಂತಿದ್ದ. ಕೊನೆಗೆ ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡು, "ಯಾಲಕ್ಕಿ ಸ್ವಲ್ಪ ಮುಂದಾಗಬೇಕಾಗಿತ್ತು," ಎಂದಳು. ಆಮೇಲೆ ಸರೋಜಾಳ ಕಡೆ ತಿರುಗಿ, "ರೊಟ್ಟಿ ಬಡಿಯಾಕರ ಬರ್ತೈತೋ ಇಲ್ಲೋ?"

"ದುಂಡಗ ಆಗೂದಿಲ್ರಿ."

"ಹೊಟ್ಯಾಗ ಹೋದ ಮ್ಯಾಲ ದುಂಡಗಿದ್ರೇನು, ಚೌಕ ಇದ್ರೇನು," ಎಂದು ಅಜ್ಜಿ ನಕ್ಕುಬಿಟ್ಟಳು. ಗಾಡಿಯಲ್ಲಿ ಮರಳುವಾಗ ಕಾಕಾ ಕಿಟಕಿಯ ಆಚೆ ಹತ್ತಿ ಹೊಲಗಳನ್ನು ನೋಡುತ್ತ, ಯಾರಿಗೂ ಕೇಳಿಸದಂತೆ ಹಾಡುತ್ತಿದ್ದ. ನನಗೆ ಕೇಳಿಸುತ್ತಿತ್ತು.

ಸರೋಜಾ ಕಾಕಾನ ಹೆಂಡತಿಯಾಗಿ, ನನಗೆ ಕಾಕುವಾಗಿ ಬಂದ ಮೇಲಿನ ವರ್ಷಗಳು ನಮ್ಮ ಮನೆಯ ಹಬ್ಬದ ವರ್ಷಗಳು. ಅವರ ರೊಟ್ಟಿ ಕೊನೆಯವರೆಗೂ ದುಂಡಗಾಗಲಿಲ್ಲ. ನಾವು ಅವಕ್ಕೆ ಒಂದೊಂದು ಊರಿನ ನಕಾಶೆಯ ಹೆಸರಿಟ್ಟು ತಿಂದೆವು. ಭಾನುವಾರ ಸಂಜೆ ಕಾಕಾ, ಕಾಕು, ನಾನು ಹಾವೇರಿಯ ಓಣಿಗಳಲ್ಲಿ ಹೊಸ ಬೇಕರಿ ಹುಡುಕುತ್ತ ಹೋಗುತ್ತಿದ್ದೆವು. ಇಬ್ಬರೂ ಹಾದಿಯುದ್ದಕ್ಕೂ ಜಗಳಾಡುತ್ತಿದ್ದರು, ಕಾಕಾ ಬನ್ನಿನ ಪಕ್ಷ, ಕಾಕು ಬಿಸ್ಕಿಟ್ಟಿನ ಪಕ್ಷ. ತಂದದ್ದಕ್ಕೆಲ್ಲ ಅಜ್ಜಿಯೇ ನ್ಯಾಯಾಧೀಶೆ. ತತ್ತಿ ಇಲ್ಲವೆಂದು ಕಾಕು ಒಂದು ಮಾತು ಹೇಳಿದರೆ ಸಾಕಿತ್ತು, ಮರುಮಾತಿಲ್ಲದೆ ತಿನ್ನುತ್ತಿದ್ದಳು. ಹಿತ್ತಲ ಹಿಂದಿನ ಬೇಕರಿಯವನಿಗೂ ಗೋಡೆಯ ಈಚೆಯಿಂದಲೇ ಕೂಗಿ, "ಇವತ್ತ ಉಪ್ಪು ಮರತೀಯಲ್ಲೋ!" ಎಂದು ಬೈಯುವಷ್ಟು ಅವಳು ಪಳಗಿದಳು. ನನ್ನ ಹುಟ್ಟುಹಬ್ಬಕ್ಕೆ ಕಾಕು ತತ್ತಿ ಇಲ್ಲದ ಕೇಕು ಮಾಡಿಸಿ ತಂದರು. ಗುಲಾಬಿ ಸಕ್ಕರೆಯಲ್ಲಿ ನನ್ನ ಹೆಸರು ತಪ್ಪಾಗಿ ಬರೆದಿತ್ತು, ಆ ತಪ್ಪು ಅಕ್ಷರಕ್ಕಾಗಿಯೇ ಓಣಿಯ ಮಕ್ಕಳೆಲ್ಲ ಕಾದಾಡಿದರು.

ಆ ಮನೆ ಈಗಿಲ್ಲ. ಅಜ್ಜಿ ಒಂದು ಚಳಿಗಾಲ ಹೋದಳು, ಓಣಿ ಅಗಲವಾಯಿತು, ಭಟ್ಟಿಯೂ ಗೋಡೆಯೂ ಒಂದೇ ದಿನ ಉರುಳಿದವು. ಕೆಲವು ವರ್ಷಗಳ ಮೇಲೆ ಕಾಕಾ ಹೋದ. ಮಕ್ಕಳಿಲ್ಲದ ಕಾಕು ರಾಣೇಬೆನ್ನೂರಿಗೆ ಹೋಗಿ ತಮ್ಮನ ತುಂಬಿದ ಮನೆಯಲ್ಲಿ ಎಲ್ಲರಿಗೂ ಅಜ್ಜಿಯಾಗಿ ಉಳಿದರು. ಕೊನೆಯ ಸಲ ನೋಡಲು ಹೋದಾಗ ಕೇಳಿದರು: "ನಿಮ್ಮ ತುಮಕೂರಾಗ ಯಾವ ಬೇಕರಿ ಚಲೋ ಐತಿ?" ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಪ್ಯಾಕೆಟ್ ಬ್ರೆಡ್ಡು ತಿಂದುಕೊಂಡಿದ್ದೆ. ಅವರು ಮರುಕದಿಂದ ನನ್ನ ಕೈ ಹಿಡಿದು, "ತಡಿ, ಯುಗಾದಿ ಆದ ಮ್ಯಾಲ ಬರ್ತೇನಿ. ಇಬ್ರೂ ಕೂಡಿ ಹುಡುಕೂಣು," ಎಂದರು. ನಾನು ಯುಗಾದಿಯವರೆಗೆ ಕಾಯಲಿಲ್ಲ. ಓಣಿ ಓಣಿ ತಿರುಗಿ, ಎಷ್ಟೋ ಬಿಸ್ಕಿಟ್ಟು ತಿಂದು, ಕೊನೆಗೆ ಒಂದು ಬೇಕರಿ ಹುಡುಕಿಟ್ಟೆ. ಅವರು ಬರಲಿಲ್ಲ. ಯುಗಾದಿಗೆ ಮುಂಚೆಯೇ ಅವರೂ ಹೋದ ಸುದ್ದಿ ಬಂತು. ರಾಣೇಬೆನ್ನೂರಿಗೆ ಹೊರಡುವಾಗ ಯಾಕೋ ಆ ಬೇಕರಿಯ ಮುಂದೆ ಇಳಿದು ಒಂದು ಪುಡಿಕೆ ಕಟ್ಟಿಸಿಕೊಂಡೆ.

ಎಲ್ಲ ಮುಗಿದ ಮೇಲೆ ಸಂಜೆ ಹೊರಕಟ್ಟೆಯಲ್ಲಿ ಮಕ್ಕಳು ಹಸಿದು ಕೂತಿದ್ದರು. ದೊಡ್ಡವರಿಗೆ ಅವರ ನೆನಪಿರಲಿಲ್ಲ. ನಾನು ಪುಡಿಕೆ ಬಿಚ್ಚಿ ಹಂಚಿದೆ. ಕಾಕುವಿನ ತಮ್ಮನ ಮೊಮ್ಮಗಳು, ಅತ್ತು ಕೆಂಪಾದ ಕಣ್ಣಿನ ಪುಟ್ಟ ಹುಡುಗಿ, ಒಂದು ತುಂಡು ಬಾಯಿಗಿಟ್ಟುಕೊಂಡು ಗಂಭೀರವಾಗಿ ಅಗಿದಳು.

"ಚಲೋ ಐತ್ರಿ ಅತ್ತಿ," ಎಂದಳು. "ಆದ್ರ ಅಜ್ಜಿ ನನಗ ಒಂದ್ ಬೇಕರಿ ತೋರಿಸ್ಯಾಳ, ಅದು ಇದಕ್ಕಿಂತ ಚಲೋ ಐತಿ. ಇಲ್ಲೇ ಹಿಂದಿನ ಓಣ್ಯಾಗ. ಬರ್ತೀರೇನ್ರಿ?"

ಕಾಲಿಗೆ ಚಪ್ಪಲಿ ಮೆಟ್ಟಿಕೊಂಡೆ. ಅವಳು ನನ್ನ ಬೆರಳು ಹಿಡಿದು ಮುಂದೆ ಮುಂದೆ ನಡೆದಳು.