ಬಡಿಸಿ ನಿಂತ ಹುಡುಗರು

ನನಗೆ ಬಾಯಿ ಜಾಸ್ತಿ, ತಾಳ್ಮೆ ಕಡಿಮೆ. ಮಗ ಅಮೆರಿಕದ ಟೆಕ್ಸಾಸ್‌ನಲ್ಲೇ, ಆಸ್ಟಿನ್‌ನಲ್ಲಿ ಕಾಲೇಜು ಸೇರಿದ ವರ್ಷ ಫ್ರಾಟರ್ನಿಟಿ ಸೇರುತ್ತೇನೆ ಎಂದಾಗ ಮೊದಲು ಕೂಗಾಡಿದೆ. ಹುಡುಗರೇ ಕಟ್ಟಿಕೊಂಡ ಕೂಟ ಅದು. ಬಾಡಿಗೆ ಮನೆಯೊಂದರಲ್ಲಿ ಒಟ್ಟಿಗಿದ್ದು, ಒಬ್ಬರನ್ನೊಬ್ಬರು ಬ್ರದರ್ ಎನ್ನುತ್ತಾರೆ. ಏನೋ ಹಳೆಯ ಗಲಾಟೆಗೆ ಕಾಲೇಜು ಅದರ ಮಾನ್ಯತೆ ಕಿತ್ತುಕೊಂಡಿತ್ತಂತೆ. ಹುಡುಗರು ಬೋರ್ಡು ಇಳಿಸಿ, ಕೂಟವನ್ನು ಮಾತ್ರ ಹಾಗೆಯೇ ನಡೆಸುತ್ತಿದ್ದರು.

ಆಮೇಲೆ ನಾನೇ ಮೆತ್ತಗಾದೆ. ನಮ್ಮ ಶನಿವಾರದ ಕನ್ನಡ ಕ್ಲಾಸಿಗೆ ಯಾವ ಸರ್ಕಾರ ಮಾನ್ಯತೆ ಕೊಟ್ಟಿದೆ? ಅದೂ ಅಲ್ಲದೆ ಇವನು ಒಬ್ಬನೇ ಮಗ. ಹೈಸ್ಕೂಲಿನಲ್ಲಿ ನಾಲ್ಕು ವರ್ಷವೂ ಲೈಬ್ರರಿಯ ಮೂಲೆಯಲ್ಲಿ ಒಬ್ಬನೇ ಡಬ್ಬಿ ಬಿಚ್ಚಿ ತಿಂದವನು. ಅವನಿಗೆ ಕೊನೆಗೂ ಅಣ್ಣಂದಿರು ಸಿಕ್ಕಿದ್ದರು.

ಒಂದು ಭಾನುವಾರ ಎಂಟು ಹುಡುಗರು ಹ್ಯೂಸ್ಟನ್ ಪಕ್ಕದ ಕ್ಲಿಯರ್ ಲೇಕ್‌ನ ನಮ್ಮ ಮನೆಗೆ ಊಟಕ್ಕೆ ಬಂದರು. ಹಿಲ್‌ಕ್ರಾಫ್ಟ್‌ನ ಇಂಡಿಯನ್ ಅಂಗಡಿಯಿಂದ ಬಾಳೆ ಎಲೆ ತಂದು ಬಿಸಿಬೇಳೆ ಬಾತ್ ಮಾಡಿದ್ದೆ. ನನ್ನ ಮಗನೂ ಇನ್ನೊಬ್ಬ ಹೊಸಬನೂ ಪಂಕ್ತಿಯಲ್ಲಿ ಕೂರಲೇ ಇಲ್ಲ. ದೊಡ್ಡವರಿಗೆ ಬಡಿಸಿದರು, ನೀರು ಕೊಟ್ಟರು, ಎಲೆ ಎತ್ತಿದರು, ಪಾತ್ರೆಯನ್ನೂ ತೊಳೆದರು. ತಮ್ಮ ಪಾಲನ್ನು ಡಬ್ಬಿಗೆ ಹಾಕಿಸಿಕೊಂಡರು. ಕಾರು ಹೊರಟ ಕೂಡಲೇ ನಾನು ಡಾಲಸ್‌ನಲ್ಲಿರುವ ಧಾರವಾಡದ ಗೆಳತಿಗೆ ಫೋನ್ ಮಾಡಿದೆ.

"ಮನೇಲಿ ಒಂದು ಲೋಟ ಎತ್ತಿಡದವನು, ಅಲ್ಲಿ ಎಂಥಾ ಸಂಸ್ಕಾರ ಕಲ್ತಿದಾನೆ ಗೊತ್ತಾ?"

"ಹುಡುಗ ಛಲೋ ದಾರಿಗೆ ಬಂದ ಬಿಡ್ರಿ," ಎಂದಳು ಅವಳು.

ಆ ಹುಡುಗರಲ್ಲಿ ಒಳ್ಳೆಯತನ ಇರಲಿಲ್ಲ ಎನ್ನಲಾರೆ. ನನ್ನ ಗಂಡನಿಗೆ ಆಪರೇಷನ್ ಆದಾಗ ನಾಲ್ವರು ಪರೀಕ್ಷೆ ಹತ್ತಿರವಿದ್ದರೂ ಹ್ಯೂಸ್ಟನ್‌ವರೆಗೆ ಡ್ರೈವ್ ಮಾಡಿಕೊಂಡು ಬಂದು, ಸರದಿಯ ಮೇಲೆ ಆಸ್ಪತ್ರೆಯಲ್ಲಿ ನನ್ನ ಜೊತೆ ಕೂತಿದ್ದರು. ಇವತ್ತಿಗೂ ಅವರ ಮೇಲೆ ನನಗೆ ಪ್ರೀತಿ ಇದೆ.

ಮರುವರ್ಷ ಅವರೆಲ್ಲ ಮತ್ತೆ ಊಟಕ್ಕೆ ಬಂದರು. ಈ ಸಲ ನನ್ನ ಮಗ ಪಂಕ್ತಿಯಲ್ಲಿ ಕೂತಿದ್ದ. ಮುಂದಿನ ವರ್ಷ ಅವನನ್ನೇ ಮುಖಂಡ ಮಾಡುತ್ತಾರೆಂಬ ಮಾತೂ ಇತ್ತು. ಮೂವರು ಹೊಸಬರು ಬಡಿಸುತ್ತಿದ್ದರು. ಅವರಲ್ಲೊಬ್ಬ ಬಾತ್ ಬಡಿಸುತ್ತಿದ್ದವನು ನಿಂತಲ್ಲೇ ವಾಲಿ, ಗೋಡೆ ಹಿಡಿದುಕೊಂಡ. ಮಗ ತಟ್ಟನೆ ಎದ್ದ.

"ಪಂಕ್ತಿ ಮಧ್ಯೆ ಏಳ್ತಾರೇನೋ?" ಎಂದು ಗದರಿದೆ.

ಅವನು ಕೇಳಿಸಿಕೊಳ್ಳಲಿಲ್ಲ. ಹೊಸ ಎಲೆ ಹಾಕಿ, ಆ ಹುಡುಗನ ಭುಜ ಹಿಡಿದು ಕೂರಿಸಿ, ತಾನೇ ಬಡಿಸಿದ. ಎಲ್ಲರಿಗಿಂತ ಹಿರಿಯವನು ತಲೆ ಎತ್ತದೆ ಇಂಗ್ಲಿಷಿನಲ್ಲಿ, "ಹೊಸಬರು ಈಗ ತಿನ್ನೋ ಹಾಗಿಲ್ಲ. ರೂಲ್ ಗೊತ್ತಲ್ಲ?" ಎಂದ.

"ಇದು ನಮ್ಮಮ್ಮನ ಮನೆ," ಎಂದ ಮಗ.

"ಅವನು ತಿಂದರೆ ನೀನು ನಮ್ಮ ಬ್ರದರ್ ಅಲ್ಲ."

ಮಗ ಎಲೆಗೆ ಇನ್ನೊಂದು ಚಮಚ ತುಪ್ಪ ಹಾಕಿದ. ಉಳಿದವರೆಲ್ಲ ಎದ್ದು ಹೋದರು, ಇನ್ನಿಬ್ಬರು ಹೊಸಬರೂ ಅವರ ಹಿಂದೆಯೇ ಹೋದರು. ಬಂದವರು ಅರ್ಧ ಊಟಕ್ಕೆ ಎದ್ದು ಹೋದರಲ್ಲ ಎಂದು ನಾನು ಮಗನ ಮೇಲೆ ಹರಿಹಾಯ್ದೆ. ಉತ್ತರ ಕೊಟ್ಟವನು ಉಣ್ಣುತ್ತಿದ್ದ ಹುಡುಗ.

"ಆಂಟಿ, ಎರಡು ದಿನದಿಂದ ನಮಗೆ ಬರೀ ನೀರು. ಇದು ಹೊಸಬರ ಟೆಸ್ಟ್ ವೀಕ್, ತಡ್ಕೊಂಡವರು ಮಾತ್ರ ಬ್ರದರ್ ಆಗೋದು," ಎಂದು ತಲೆ ತಗ್ಗಿಸಿದ.

ನಾನು ಮಗನ ಕಡೆ ತಿರುಗಿ, "ಹೋದ ವರ್ಷ ನಿನಗೂ ಹೀಗೇನಾ?" ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದ.

ಅವನು ಕಾಲೇಜಿಗೆ ತನ್ನ ಹೆಸರು ಹಾಕಿಯೇ ಎಲ್ಲವನ್ನೂ ಬರೆದ, ತಾನು ಸುಮ್ಮನಿದ್ದದ್ದನ್ನೂ ಸೇರಿಸಿ. ಆ ಮನೆ ಬಿಟ್ಟು ಬೇರೆ ರೂಮಿಗೆ ಶಿಫ್ಟ್ ಆದ. ಈಗ ಮತ್ತೆ ಒಬ್ಬನೇ ಊಟ ಮಾಡುತ್ತಾನೆ. ನನ್ನ ಮಗನೆಂದು ಹೇಳುತ್ತಿಲ್ಲ, ಬಯಸಿ ಬಯಸಿ ಪಡೆದದ್ದನ್ನು ಒಂದು ಊಟಕ್ಕಾಗಿ ಬಿಟ್ಟುಕೊಡುವ ಎದೆಗಾರಿಕೆ ನನಗಂತೂ ಇಲ್ಲ. ಅದನ್ನೇ ಮೊನ್ನೆ ಅವನು ಮನೆಗೆ ಬಂದಾಗ ಎಲೆ ತೊಳೆಯುತ್ತಾ ಹೇಳಿದೆ. ಯಾವಾಗಲೂ ಇಂಗ್ಲಿಷಿನಲ್ಲಿ ಉತ್ತರ ಕೊಡುವವನು ಅವತ್ತು ಕನ್ನಡದಲ್ಲೇ ಮಾತಾಡಿದ.

"ಅಮ್ಮ, ಹೋದ ವರ್ಷ ಬಡಿಸ್ತಾ ಇದ್ದಾಗ, ನೀನು ಒಂದ್ಸಲ ಕೂತ್ಕೋ ಅಂತೀಯೇನೋ ಅಂತ ಕಾಯ್ತಾ ಇದ್ದೆ."