ಹೂಂಗುಟ್ಟಪ್ಪನ ಹಸಿರು ದೀಪ

ಆ ಆಸ್ಪತ್ರೆಯ ಸರ್ವರ್ ಕೋಣೆಯನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಅಲ್ಲಿಯ ಜನ ಗಂಟುಮೋರೆ ಎಂದು ಹೆಸರಿಟ್ಟಿದ್ದರು. ಬೆನ್ನ ಹಿಂದೆ ಅಲ್ಲ, ಅವಳ ಕಿವಿಗೆ ಬೀಳುವ ಹಾಗೇ ಕರೆಯುತ್ತಿದ್ದರು. ಅವಳಿಗೆ ಅದರಿಂದ ಬೇಸರವೂ ಇರಲಿಲ್ಲ. ನಗುಮುಖ ತೋರಿಸಿದರೆ ತಾನೇ ಕಂಡಕಂಡವರೆಲ್ಲ ಬಂದು ಪ್ರಿಂಟರ್ ರಿಪೇರಿ ಮಾಡಿಕೊಡು ಅನ್ನುವುದು! ಅವಳ ಮುಖ ಗಂಟಿಕ್ಕಿಕೊಳ್ಳಲು ನಿಜವಾದ ಕಾರಣ ಒಂದು ಮಹಡಿ ಮೇಲೆ, ಗಾಜಿನ ಕೋಣೆಯಲ್ಲಿ ಕೂತಿರುತ್ತಿತ್ತು. ಅವಳ ಸ್ವಂತ ಅಕ್ಕನ ಗಂಡ, ಆ ವಿಭಾಗದ ಮ್ಯಾನೇಜರು.

ಕೆಲಸ ಕೊಡಿಸಿದ್ದು ಭಾವನೇ. ಕೊಡಿಸಿದ್ದನ್ನು ಆತ ಒಂದು ದಿನವೂ ಮರೆಯಲಿಲ್ಲ, ಅವಳಿಗೆ ಮರೆಯಲು ಬಿಡಲೂ ಇಲ್ಲ. ಊಟಕ್ಕೆ ಕೂತಾಗ, ಲಿಫ್ಟಿನಲ್ಲಿ ನಾಲ್ಕು ಜನರ ಎದುರು, ಎಲ್ಲಿ ಸಿಕ್ಕರೂ ಅದೇ ಮಾತು: "ಇವಳನ್ನ ನಾನೇ ತಂದು ಹಾಕಿದ್ದು." ತಂದು ಹಾಕೋಕೆ ಅವಳೇನು ಮೇಜಾ, ಕುರ್ಚಿಯಾ? ನಡುವೆ ಸಿಕ್ಕಿಬಿದ್ದ ಅಕ್ಕ, "ಹೋಗ್ಲಿ ಬಿಡೇ, ಅವರ ಬಾಯೇ ಹಾಗೆ" ಅನ್ನುತ್ತಿದ್ದಳು. ಅಕ್ಕನ ಮುಖ ನೋಡಿ ಇವಳು ತುಟಿ ಕಚ್ಚಿಕೊಳ್ಳುತ್ತಿದ್ದಳು. ಅಕ್ಕ ಇಲ್ಲದಾಗ ಕಚ್ಚಿಕೊಳ್ಳುತ್ತಿರಲಿಲ್ಲ.

ಕೆಲಸದಲ್ಲಿ ಮಾತ್ರ ಗಟ್ಟಿಗಿತ್ತಿ. ಆ ಕೋಣೆಯ ಯಂತ್ರಗಳು ಬೇರೆ ಬೇರೆ ಕಂಪನಿಯವು, ಒಂದಕ್ಕೊಂದು ಮುಖ ಕೊಟ್ಟು ಮಾತಾಡದಂಥವು. ಆದರೆ ವೆಬ್ ಮೂಲಕ ಪ್ರಶ್ನೆ ಕೇಳಿದರೆ ಉತ್ತರ ಹೀಗೇ ಕೊಡಬೇಕು ಎಂಬ ಒಂದು ಸಾಮಾನ್ಯ ನಿಯಮವನ್ನು ಎಲ್ಲವೂ ಒಪ್ಪಿಕೊಂಡಿದ್ದವು. ಆ ನಿಯಮಕ್ಕೆ ತಕ್ಕಂತೆ ಪ್ರಶ್ನೆ ಕೇಳುವುದಕ್ಕೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಲೈಬ್ರರಿ, ಅಂದರೆ ಮೊದಲೇ ಬರೆದಿಟ್ಟ ಕೋಡಿನ ಕಟ್ಟು, ಉಂಟು. ಅದನ್ನು ಬಳಸಿ ಅವಳು ಒಂದು ಪ್ರೋಗ್ರಾಂ ಬರೆದಿದ್ದಳು. ಫ್ಯಾನ್ ತಿರುಗುತ್ತಿದೆಯಾ, ಬಿಸಿ ಹೆಚ್ಚಿದೆಯಾ, ಮಾಹಿತಿ ತುಂಬಿಡುವ ಡಿಸ್ಕುಗಳು ನೆಟ್ಟಗಿವೆಯಾ ಎಂದು ಅದು ಪ್ರತಿ ಯಂತ್ರವನ್ನೂ ವಿಚಾರಿಸುತ್ತಿತ್ತು. ಸರಿಯಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು. ಆ ಬಣ್ಣಗಳು ಮೇಲಿನ ಕಾರಿಡಾರಿನ ದೊಡ್ಡ ಪರದೆಯಲ್ಲಿ ಕಾಣುತ್ತಿದ್ದವು.

ಪ್ರೋಗ್ರಾಂ ಪರೀಕ್ಷೆ ಮಾಡಲು ನಿಜವಾದ ಯಂತ್ರದ ಮೇಲೆ ಕೈ ಹಾಕುವಂತಿಲ್ಲವಲ್ಲ. ಅದಕ್ಕೆ ಅದೇ ಲೈಬ್ರರಿಯಲ್ಲಿ ಒಂದು ಸುಳ್ಳು ಸರ್ವರ್ ಕಟ್ಟಿಕೊಳ್ಳುವ ಅನುಕೂಲವಿತ್ತು. ಏನು ಹೇಳಿಕೊಟ್ಟಿರುತ್ತೇವೋ ಅದು ಅಷ್ಟನ್ನೇ ಹೇಳುತ್ತದೆ. ಅವಳು ತನ್ನದಕ್ಕೆ "ಎಲ್ಲ ಚೆನ್ನಾಗಿದೆ" ಎಂದು ಹೇಳಿಕೊಟ್ಟು, ಹೂಂಗುಟ್ಟಪ್ಪ ಎಂದು ಹೆಸರಿಟ್ಟಿದ್ದಳು.

ಹಳೆಯ ಸ್ಕ್ಯಾನ್ ಚಿತ್ರಗಳೆಲ್ಲ ಇದ್ದ ಮೂಲೆಯ ಯಂತ್ರದಲ್ಲಿ ಒಂದು ಡಿಸ್ಕು ಕೆಟ್ಟಿತು. ಒಂದು ಕೆಟ್ಟರೆ ಉಳಿದವು ಹೇಗೋ ಭಾರ ಹೊರುತ್ತವೆ. ಇನ್ನೊಂದೂ ಕೆಟ್ಟರೆ ಎಲ್ಲ ಮುಳುಗಿದಂತೆ. ಆ ಚಿತ್ರಗಳಿಗೆ ಬೇರೆಲ್ಲೂ ಪ್ರತಿ ಇರಲಿಲ್ಲ. ಪ್ರತಿ ಇಡಲು ಇನ್ನೊಂದು ಯಂತ್ರ ಬೇಕೆಂದು ಅವಳು ಕೇಳಿದಾಗಲೆಲ್ಲ ಭಾವ "ಮುಂದಿನ ವರ್ಷ ನೋಡೋಣ" ಎಂದು ಸಾಗಹಾಕಿದ್ದ. ಪರದೆ ಕೆಂಪಾದ ದಿನವೇ ಆಸ್ಪತ್ರೆಯ ಆಡಳಿತ ಮಂಡಳಿಯವರು ನೋಡಲು ಬರುವವರಿದ್ದರು. ಆತ ಏದುಸಿರು ಬಿಡುತ್ತ ಕೆಳಗೆ ಬಂದ.

"ಮೊದಲು ಆ ಕೆಂಪು ತೆಗಿ."

"ಹೊಸ ಡಿಸ್ಕ್ ತರಿಸಿ ಭಾವ, ತಾನಾಗೇ ಹೋಗುತ್ತೆ."

"ನನಗೇ ಪಾಠ ಹೇಳ್ತೀಯಾ? ಹಸಿರು ಮಾಡು ಅಂದ್ರೆ ಮಾಡು. ನಿನ್ನ ಇಲ್ಲಿಗೆ ತಂದು ಹಾಕಿದ್ದು ಯಾರು, ನೆನಪಿರ್ಲಿ."

ಅವಳ ಮೈಯೆಲ್ಲ ಉರಿದುಹೋಯಿತು. ಆತ ತಲೆಯ ಮೇಲೆ ನಿಂತಿದ್ದ ಹಾಗೆಯೇ, ಪ್ರೋಗ್ರಾಮಿನಲ್ಲಿ ಆ ಯಂತ್ರದ ವಿಳಾಸ ಇದ್ದ ಜಾಗಕ್ಕೆ ಹೂಂಗುಟ್ಟಪ್ಪನನ್ನು ತಂದು ಕೂರಿಸಿದಳು. ಪರದೆ ಹಸಿರಾಯಿತು. ಹೇಗಾಯಿತು ಎಂದು ಕೂಡ ಕೇಳದೆ ಆತ ಟೈ ಸರಿಮಾಡಿಕೊಂಡು ಮೇಲೆ ಹೋದ.

ಮಂಡಳಿಯವರು ಬಂದರು, ತಲೆಯಾಡಿಸಿದರು, ಹೋದರು. ಅವರು ಹೋದ ಮೇಲೆ ಅವಳು ಅದನ್ನು ತೆಗೆದುಬಿಡಬಹುದಿತ್ತು. ತೆಗೆಯಲಿಲ್ಲ. ಮರೆತಳು ಅಂದುಕೊಳ್ಳಬೇಡಿ, ಅಂಥ ಮರೆಗುಳಿಯಲ್ಲ ಅವಳು. ಹಟ, ಶುದ್ಧ ಹಟ. ಮಹಾರಾಯನಿಗೆ ಹಸಿರೇ ಬೇಕಂತಲ್ಲ, ನೋಡ್ಕೊಂಡಿರ್ಲಿ! ತಾನಾಗಿ ಬಂದು ಡಿಸ್ಕಿನ ವಿಷಯ ಎತ್ತುವ ತನಕ ನಾನ್ಯಾಕೆ ಬಾಯಿ ಬಿಡಲಿ? ಆತ ಬರಲಿಲ್ಲ. ಪರದೆ ಹಸಿರಾಗಿರುವಾಗ ಬಂದು ಕೇಳುವುದಾದರೂ ಏನು? ದಿನ ಕಳೆದಂತೆ ಬೇರೆ ಕೆಲಸಗಳು ಮೇಲೆ ಬಿದ್ದವು, ಹಟವೂ ಹಳತಾಯಿತು. ಕಾರಿಡಾರಿನಲ್ಲಿ ಓಡಾಡುವಾಗ ಅವಳೇ ಆ ಹಸಿರನ್ನು ನೋಡಿ ನಿಶ್ಚಿಂತೆಯಿಂದ ಮುಂದೆ ಹೋಗುತ್ತಿದ್ದಳು.

ಅಷ್ಟರಲ್ಲಿ ಅಕ್ಕನಿಗೆ ಕೆಮ್ಮು ಹಿಡಿಯಿತು, ಬಿಡಲಿಲ್ಲ. ಅದೇ ಆಸ್ಪತ್ರೆಗೆ ಸೇರಿಸಿದರು. ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲಿ ಒಂದು ಸಣ್ಣ ಗಡ್ಡೆ ಕಂಡಿತು. ಡಾಕ್ಟರಮ್ಮ ಬಿಡಿಸಿ ಹೇಳಿದರು.

"ಹಿಂದೆ ನ್ಯುಮೋನಿಯಾ ಆದಾಗ ಇಲ್ಲೇ ಸ್ಕ್ಯಾನ್ ಮಾಡಿಸಿದ್ರಲ್ಲ, ಆ ಚಿತ್ರ ಬೇಕು. ಆಗಲೂ ಈ ಗಡ್ಡೆ ಇಷ್ಟೇ ಇದ್ದಿದ್ರೆ ಹೆದರೋ ಹಾಗಿಲ್ಲ, ಇವತ್ತೇ ಮನೆಗೆ ಹೋಗಿ. ಹೊಸದಾಗಿ ಬಂದಿದ್ರೆ, ಅಥವಾ ನಮಗೆ ಗೊತ್ತೇ ಆಗ್ಲಿಲ್ಲ ಅಂದ್ರೆ, ಎದೆ ತೆರೆದು ತೆಗೀಬೇಕಾಗುತ್ತೆ."

ಚಿತ್ರ ತರಲು ತಂಗಿಯೇ ಕೆಳಗೆ ಸರ್ವರ್ ಕೋಣೆಗೆ ಓಡಿದಳು. ಚಿತ್ರ ತೆರೆಯಲಿಲ್ಲ. ಪ್ರೋಗ್ರಾಮನ್ನು ಕೇಳಿದರೆ ಎಲ್ಲ ಚೆನ್ನಾಗಿದೆ ಅಂದಿತು. ಮೂಲೆಗೆ ಹೋಗಿ ಯಂತ್ರದ ಬಾಗಿಲು ತೆಗೆದು ನೋಡಿದರೆ, ಒಂದಲ್ಲ, ಎರಡು ಡಿಸ್ಕುಗಳ ಮೇಲೆ ಕೆಟ್ಟಿದೆ ಎಂದು ತೋರಿಸುವ ಕಿತ್ತಳೆ ದೀಪ ಉರಿಯುತ್ತಿತ್ತು. ಕುರ್ಚಿಗೆ ಮರಳಿ, ಹೂಂಗುಟ್ಟಪ್ಪನನ್ನು ಕಿತ್ತುಹಾಕಿ ನಿಜವಾದ ವಿಳಾಸ ಬರೆದಳು. ಮೇಲೆ ಪರದೆ ಕೆಂಪಾಯಿತು. ಭಾವ ದಡದಡನೆ ಮೆಟ್ಟಿಲಿಳಿದು ಬಂದ.

"ಏನಿದು ಅವತಾರ? ಆರಿಸು ಅದನ್ನ!"

"ಅಕ್ಕನ ಹಳೇ ಚಿತ್ರ ಹೋಯ್ತು ಭಾವ."

"ಹೋಯ್ತು ಅಂದ್ರೆ?"

"ಅವತ್ತು ಹಸಿರು ಮಾಡು ಅಂದ್ರಲ್ಲ, ಆ ಯಂತ್ರ. ಸತ್ತುಹೋಗಿದೆ."

ಆತನ ಮುಖ ಬಿಳಿಚಿಕೊಂಡಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ನಾನು ಅವತ್ತೊಂದು ದಿನದ ಮಟ್ಟಿಗೆ ಹೇಳಿದ್ದು. ತೆಗೀದೆ ಬಿಟ್ಟವಳು ನೀನು."

"ಡಿಸ್ಕ್ ತರಿಸದೆ ಬಿಟ್ಟೋರು ನೀವು!"

ಫ್ಯಾನುಗಳ ಗದ್ದಲದ ಮೇಲೆ ಗಂಟಲು ಹರಿಯುವಂತೆ ಇಬ್ಬರೂ ಕಿರುಚಾಡಿದರು. ಇಬ್ಬರು ಹೇಳಿದ್ದೂ ನಿಜವೇ, ದರಿದ್ರ ಇರುವುದೇ ಅಲ್ಲಿ. ಕೊನೆಗೆ ಆತ ದನಿ ತಗ್ಗಿಸಿದ.

"ನಿಮ್ಮಕ್ಕನಿಗೆ ಇನ್ನೂ ಹುಡುಕ್ತಿದ್ದಾರೆ ಅಂತ ಹೇಳೋಣ. ನೀನು ಪರದೆ ಆರಿಸು, ಜನ ನೋಡ್ತಾರೆ."

"ನೋಡ್ಲಿ" ಎಂದು ಅವಳು ಎದ್ದು ವಾರ್ಡಿಗೆ ಹೊರಟಳು. ಆತನೂ ಹಿಂದೆಯೇ ಬಂದ.

ಅಕ್ಕ ಆಗಲೇ ಮನೆಗೆ ಹೊರಟವಳ ಹಾಗೆ ಬ್ಯಾಗಿಗೆ ಬಟ್ಟೆ ತುಂಬುತ್ತ ಕೂತಿದ್ದಳು. ಇಬ್ಬರನ್ನೂ ಒಟ್ಟಿಗೆ ಕಂಡು ಮುಖ ಅರಳಿತು. "ಸಿಕ್ತಾ?"

"ಸಿಗುತ್ತೆ, ಸಿಗುತ್ತೆ. ಎಲ್ಲ ಚೆನ್ನಾಗಿದೆ" ಎಂದ ಭಾವ.

ತಾನು ಹೂಂಗುಟ್ಟಪ್ಪನಿಗೆ ಹೇಳಿಕೊಟ್ಟ ಅದೇ ಮಾತು. ಅವಳು ಆತನನ್ನು ದಾಟಿ ಅಕ್ಕನ ಮಂಚದ ಹತ್ತಿರ ಹೋದಳು. "ಇಲ್ಲ ಅಕ್ಕ, ಸಿಗಲ್ಲ. ಯಂತ್ರ ಕೆಟ್ಟಿದೆ ಅಂತ ನಮ್ಮಿಬ್ಬರಿಗೂ ಮೊದಲೇ ಗೊತ್ತಿತ್ತು. ಮುಚ್ಚು ಅಂತ ಇವರಂದ್ರು, ನಾನು ಮುಚ್ಚಿದೆ. ಇವರ ಮೇಲಿನ ಸಿಟ್ಟಿಗೆ ಹಾಗೇ ಬಿಟ್ಟುಬಿಟ್ಟೆ."

ಅಕ್ಕ ಅವಳನ್ನು ನೋಡಿದಳು, ಗಂಡನನ್ನು ನೋಡಿದಳು. ಇಷ್ಟು ವರ್ಷ ಹೇಳಿಕೊಂಡು ಬಂದ "ಹೋಗ್ಲಿ ಬಿಡೇ" ಈಗಲೂ ಬಂದೀತೆಂದು ಇಬ್ಬರೂ ಕಾದರು.

"ನಿಮ್ಮಿಬ್ಬರ ಜಗಳಕ್ಕೆ ನನ್ನ ಎದೆ ಕೊಯ್ಬೇಕಾಯ್ತು" ಎಂದಳು ಅಕ್ಕ. "ಇಬ್ರೂ ಹೊರಗೆ ನಡೀರಿ."

ಇಬ್ಬರೂ ಬಾಗಿಲ ಹೊರಗೆ ನಿಂತರು. ಒಳಗೆ ಅಕ್ಕ ಬ್ಯಾಗಿನಿಂದ ಬಟ್ಟೆಗಳನ್ನು ಒಂದೊಂದಾಗಿ ಹೊರತೆಗೆದು, ಮತ್ತೆ ಆಸ್ಪತ್ರೆಯ ಕಪಾಟಿನಲ್ಲಿ ಇಡುತ್ತಿದ್ದಳು.