ಅಣ್ಣನ ಸೈಕಲ್ಲಿನ ಅಳತೆ

ಆ ಸೈಕಲ್ ಮಿಸ್ತ್ರಿಯ ಮೇಲಿನ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಾನು ಬೈಲಹೊಂಗಲದಲ್ಲಿ ಬಿ.ಎ. ಮೊದಲ ವರ್ಷ ಓದುತ್ತಿದ್ದೆ. ನಮ್ಮೂರಿನಿಂದ ಒಂಬತ್ತು ಕಿಲೋಮೀಟರ್. ಬಸ್ಸು ಮುಟ್ಟುವ ಹೊತ್ತಿಗೆ ಎರಡು ಪಾಠ ಮುಗಿದಿರುತ್ತಿದ್ದವು. ಹಾಗಾಗಿ ಸೋದರಮಾವ ಹಳೆಯದೆಂದು ಕೊಟ್ಟಿದ್ದ ದಪ್ಪ ಟೈರಿನ, ಎತ್ತರದ ಎಂಟಿಬಿ ಸೈಕಲ್ಲೇ ಗತಿ. ದಾರಿಯೆಲ್ಲ ಎರೆಮಣ್ಣು. ಮಳೆಯಲ್ಲಿ ಚಕ್ಕಡಿ ಕೊರೆದ ಗಾಲಿಜಾಡು ಬಿಸಿಲಿಗೆ ಒಣಗಿ ಕಲ್ಲಾಗಿ ನಿಲ್ಲುತ್ತಿತ್ತು. ಅಂಥದೊಂದರಲ್ಲಿ ಬಿದ್ದು ಬಲ ಮುಂಗೈ ಮುರಿದುಕೊಂಡೆ. ಎಲುಬು ಕೂಡಿತು, ನೋವು ಹೋಗಲಿಲ್ಲ. ಕಾಲೇಜು ಮುಟ್ಟುವಷ್ಟರಲ್ಲಿ ಪೆನ್ನು ಹಿಡಿಯಲಾಗುತ್ತಿರಲಿಲ್ಲ.

"ಕೈ ನೋಯತದಂದ್ರ ಕಾಲೇಜ ಬಿಡು. ಹೆಣ್ಣಹುಡುಗಿಗೆ ಪಿಯುಸಿ ಆತಂದ್ರ ಭಾಳ ಆತು," ಎಂದರು ಅಪ್ಪ. ಎರಡು ಸಲ ಪಿಯುಸಿ ಫೇಲಾಗಿ, ಹೊಸ ಸೈಕಲ್ಲೇರಿ ಯರಗಟ್ಟಿ ರೋಡಿನ ಹೋಟೆಲಿಗೆ ಚಹಾ ಕುಡಿಯಲು ಹೋಗುತ್ತಿದ್ದ ಅಣ್ಣನಿಗೆ ಯಾರೂ ಏನನ್ನೂ ಬಿಡು ಎನ್ನಲಿಲ್ಲ.

ನನ್ನ ಪಾಡು ನೋಡಲಾರದೆ, ರಾಮದುರ್ಗದಲ್ಲಿ ಟೆಂಪೋ ಓಡಿಸುತ್ತಿದ್ದ ಅದೇ ಸೋದರಮಾವ ಬೆಳಗಾವಿಯಿಂದ ಒಂದು ಶಾಕ್ ಫೋರ್ಕು ತಂದುಕೊಟ್ಟರು. ಮುಂದಿನ ಗಾಲಿ ಹಿಡಿಯುವ ಅದರ ಎರಡೂ ಕಾಲಿನೊಳಗೆ ಸ್ಪ್ರಿಂಗು. ಗಾಲಿ ತೆಗ್ಗಿಗೆ ಬಿದ್ದರೆ ಪೆಟ್ಟು ಸ್ಪ್ರಿಂಗಿಗೆ, ಕೈಗಲ್ಲ. ಮೇಲ್ಗಡೆ ಉದ್ದನೆಯ ಕೊಳವೆ. ಅದು ಸೈಕಲ್ಲಿನ ಮುಂಭಾಗದ ಹೆಡ್ ಟ್ಯೂಬಿನೊಳಗೆ ತೂರಿ ಮೇಲೆ ಬರಬೇಕು. ಮೇಲೆ ಬಂದ ಥ್ರೆಡ್ಡಿಗೆ ನಟ್ಟು ಬಿಗಿಯಬೇಕು. ಉದ್ದವಾದರೆ ಕತ್ತರಿಸಬಹುದು. ಗಿಡ್ಡವಾದರೆ ಮುಗಿಯಿತು.

ಮಿಸ್ತ್ರಿ ಅಂಗಡಿಗೆ ನಾನೊಬ್ಬಳೇ ಹೋಗುವುದು ಬೇಡವೆಂದು ಅಪ್ಪ ಅಣ್ಣನನ್ನು ಜೊತೆಗೆ ಕಳಿಸಿದರು. ಇಬ್ಬರೂ ನಮ್ಮ ನಮ್ಮ ಸೈಕಲ್ಲಿನಲ್ಲಿ ಬೈಲಹೊಂಗಲಕ್ಕೆ ಹೋದೆವು. ಫೋರ್ಕನ್ನು ನಾನೇ ಮಿಸ್ತ್ರಿಯ ಕೈಗಿಟ್ಟು, ನನ್ನ ಸೈಕಲ್ಲಿನ ಸೀಟು ಮುಟ್ಟಿ ತೋರಿಸಿದೆ. "ಇದಕ್ಕ ಹಾಕ್ರಿ. ಕಾಲೇಜ ಬಿಡೂದ್ರಾಗ ಆಗಬೇಕ್ರಿ." ಅವನು ಅಣ್ಣನ ಮುಖ ನೋಡಿ ತಲೆಯಾಡಿಸಿದ. ಆಗಲೇ ನನಗೆ ತಿಳಿಯಬೇಕಿತ್ತು.

ಮಧ್ಯಾಹ್ನ ಬಂದು ನೋಡಿದರೆ ಕೊಳವೆ ಕತ್ತರಿಸಿ ಆಗಿತ್ತು. ಮಿಸ್ತ್ರಿ ದಾರ ಹಿಡಿದು ಅಳತೆ ತೆಗೆದದ್ದು ಅಣ್ಣನ ಸೈಕಲ್ಲಿಗೆ. ಅದರ ಹೆಡ್ ಟ್ಯೂಬು ನನ್ನದಕ್ಕಿಂತ ಎರಡು ಬೆರಳು ಗಿಡ್ಡ. ಅಣ್ಣನೋ ಪಕ್ಕದ ಅಂಗಡಿಯಲ್ಲಿ ಮಿರ್ಚಿ ಭಜಿ ತಿನ್ನುತ್ತ ಕುಳಿತಿದ್ದ.

"ನಾ ಈ ಸೈಕಲ್ಲಿಗೆ ಅಂತ ಹೇಳಿದ್ದಿಲ್ಲೇನ್ರಿ?"

"ಹೇಳಿದ್ದಿ ಖರೆ, ತಂಗಿ. ಶಾಕ್ ಗೀಕ್ ಎಲ್ಲಾ ಹೆಣ್ಮಕ್ಕಳು ಯಾಕ ಹಾಕಿಸ್ತಾರ? ನಿಮ್ಮಣ್ಣಗ ಇರಬೇಕು ಅಂದ್ಕೊಂಡ್ನಿ."

ಎದುರಿನ ಬಸ್‌ಸ್ಟ್ಯಾಂಡಿನ ಮಂದಿ ತಿರುಗಿ ನೋಡುವ ಹಾಗೆ ಕೂಗಾಡಿದೆ. ಮಿಸ್ತ್ರಿ ನನ್ನ ಸೈಕಲ್ಲಿಗೆ ತೂರಿಸಿಯೂ ತೋರಿಸಿದ. ಕೊಳವೆ ಒಳಗೇ ನಿಂತಿತು. ನಟ್ಟು ಹಿಡಿಯಲು ಒಂದು ಸುತ್ತು ಥ್ರೆಡ್ಡೂ ಹೊರಗೆ ಬರಲಿಲ್ಲ. "ಅಂವನ ಗಾಡಿಗೆ ಕರೆಕ್ಟ ಕೂಡತೈತಿ ನೋಡು," ಎಂದು ಅಲ್ಲೇ ಅಣ್ಣನ ಸೈಕಲ್ಲಿಗೆ ಕೂಡಿಸಿಬಿಟ್ಟ.

ಕೈಗೆ ಬಂದ ತುತ್ತು ನನ್ನ ಬಾಯಿಗೆ ಬರಲಿಲ್ಲ, ಹೊಟ್ಟೆ ತುಂಬಿದವನ ಬಾಯಿಗೆ ಬಿತ್ತು. ಮನೆಯಲ್ಲೂ ಅದೇ ರಾಗ. "ಹೆಂಗೂ ಅಂವಂದಕ್ಕ ಕೂತೈತಿ. ಸುಮ್ನ ಕೆಡಸೂದ್ಯಾಕ?" ಹಾಗೆ ಅಂದವಳು ಅವ್ವ. ಅಪ್ಪ ಅಂದಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಮರುದಿನ ಅಣ್ಣ ಏಳುವ ಮೊದಲೇ ಅವನ ಸೈಕಲ್ಲು ಹೊಡೆದುಕೊಂಡು ಕಾಲೇಜಿಗೆ ಹೋದೆ. ಕೈ ನೋಯಲಿಲ್ಲ. ಎಲ್ಲ ಪಾಠದ ನೋಟ್ಸು ಪೂರ್ತಿ ಬರೆದೆ. ಸಂಜೆ ಅಂಗಳದಲ್ಲಿ ದೊಡ್ಡ ರಂಪವಾಯಿತು. "ನನ್ನ ಫೋರ್ಕ್ ನನಗ ಹೊಂದೂಹಂಗ ಮಾಡಿ ಕೊಡು, ನಿನ್ನ ಸೈಕಲ್ ತಗೋ," ಎಂದೆ. ಅದರ ಮರುದಿನವೂ ಒಯ್ದೆ, ಆಮೇಲೂ ಒಯ್ದೆ. ನನ್ನ ಹಳೆಯ ಸೈಕಲ್ಲು ಅಣ್ಣನ ಪಾಲಿಗೆ ಉಳಿಯಿತು.

ವಾರ ತುಂಬುವುದರೊಳಗೆ ಅವನಿಗೂ ಮುಂಗೈ ನೋಯತೊಡಗಿತು. ಅವ್ವ ಎಣ್ಣೆ ಕಾಯಿಸಿ ತಿಕ್ಕಿದಳು. ಅಪ್ಪ ಖುದ್ದಾಗಿ ಬೆಳಗಾವಿಗೆ ಹೋಗಿ ಇನ್ನೊಂದು ಶಾಕ್ ಫೋರ್ಕು ತಂದರು. ಈ ಸಲ ಮಿಸ್ತ್ರಿ ನನ್ನ ಹಳೆಯ ಸೈಕಲ್ಲಿನ ಹೆಡ್ ಟ್ಯೂಬನ್ನು ಮೂರು ಸಲ ಅಳೆದು ಕತ್ತರಿಸಿದ. ಕೂದಲೆಳೆಯಷ್ಟೂ ತಪ್ಪಲಿಲ್ಲ.